ನಮಗೆ ಶುದ್ಧ ನೀರು, ಕುಂಟೆಯ ಕಪ್ಪೆಗೆ?

ಪ್ರಶ್ನೆ: ನಾನು ಬಾಗೇಪಲ್ಲಿ ತಾಲ್ಲೂಕಿನ ರೈತ. ಒಂದೂವರೆ ಎಕರೆ ಹಿಪ್ಪುನೇರಳೆ, ಒಂದು ಎಕರೆ ಟೊಮೆಟೊ, ನಾಲ್ಕು ಸೀಮೆಹಸುಗಳಿವೆ. ನಮ್ಮ ಊರಿನ ಕೊಳವೆಬಾವಿ 1,100 ಅಡಿ ಆಳದ್ದು. ನೀರನ್ನು ಪರೀಕ್ಷೆ ಮಾಡಿಸಿದಾಗ ಲೀಟರಿಗೆ 120 ಮೈಕ್ರೊಗ್ರಾಂ ಯುರೇನಿಯಂ ಇದೆ ಎಂದು ವರದಿ ಬಂದಿದೆ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕವಿದೆ, ಆದ್ದರಿಂದ ಜನರಿಗೆ ಭಯವಿಲ್ಲ ಎನ್ನುತ್ತಾರೆ. ಆದರೆ ಹಸು, ರೇಷ್ಮೆ ಹುಳು, ಎರೆಹುಳು, ಘಟಕದ ಪಕ್ಕದ ಕುಂಟೆಯ ಮೀನು, ಕಪ್ಪೆ ಇವುಗಳ ಗತಿ ಏನು? ಎರಡು ಮಳೆಗಾಲದಿಂದ ಕುಂಟೆಯಲ್ಲಿ ಕಪ್ಪೆಗಳ ಸದ್ದು ಕಡಿಮೆಯಾಗಿದೆ. ಇದು ವಿಕಿರಣದಿಂದಲೇ? ಹೊಲದ ಮಣ್ಣು ಕೆಡುತ್ತದೆಯೇ? ಕೆಜಿಎಫ್ ಗಣಿಯಲ್ಲಿ ಅಣುತ್ಯಾಜ್ಯ ಹೂತಿದ್ದರಿಂದ ಹೀಗಾಗಿದೆ ಎಂದು ಕೆಲವರು ಹೇಳುತ್ತಾರೆ. ನಿಜವೇ?

ಉತ್ತರ: ಯುರೇನಿಯಂ ವಿಷಯವಾಗಿ ನನಗೆ ಬರುವ ಪತ್ರಗಳೆಲ್ಲ ‘ನಮಗೆ ಏನಾಗುತ್ತದೆ’ ಎಂದು ಕೇಳುತ್ತವೆ. ಕಪ್ಪೆಗೆ ಏನಾಗುತ್ತದೆ ಎಂದು ಕೇಳಿದ ಮೊದಲ ರೈತರು ನೀವು. ವಿಕಿರಣ ಮತ್ತು ಪರಿಸರದ ಸಂಬಂಧವನ್ನು ಮೂವತ್ತು ವರ್ಷ ಕಲಿಸಿದ ನನಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಬೇರೊಂದಿಲ್ಲ. ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ಕೆಜಿಎಫ್ ಮಾತನ್ನು ಮುಗಿಸಿಬಿಡೋಣ. ಅಲ್ಲಿ ಅಣುತ್ಯಾಜ್ಯ ಹೂತಿಲ್ಲ. ಈ ಮಾತಿಗೆ ಮೂಲವೇ ಇಲ್ಲವೆಂದಲ್ಲ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗಣಿಯ ಬಳಕೆಯಿಲ್ಲದ ಭಾಗದಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಬಂಡೆಯೊಳಗೆ ವಿದ್ಯುತ್ ಹೀಟರ್‌ಗಳನ್ನಿಟ್ಟು ಪ್ರಯೋಗ ಮಾಡಿದ್ದರು. ಅಣುತ್ಯಾಜ್ಯದ ಶಾಖಕ್ಕೆ ಬಂಡೆ ಹೇಗೆ ವರ್ತಿಸೀತು ಎಂದು ನೋಡುವುದು ಅದರ ಉದ್ದೇಶ. ಶಾಖ ಬಂದದ್ದು ವಿದ್ಯುತ್ತಿನಿಂದ. ವಿಕಿರಣ ವಸ್ತು ಅಲ್ಲಿ ಇರಲಿಲ್ಲ. 2012ರ ನವೆಂಬರಿನಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಅಣುತ್ಯಾಜ್ಯ ಹೂಳುವ ಜಾಗವೆಂದು ಕೋಲಾರದ ಗಣಿಯ ಹೆಸರು ಕೇಳಿಬಂದಾಗ ಜಿಲ್ಲೆಯೆಲ್ಲ ಬೀದಿಗಿಳಿಯಿತು, ಅಂತಹ ಯೋಜನೆಯಿಲ್ಲ ಎಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಆ ಪ್ರತಿಭಟನೆ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡ, ಬಂಡೆ ಸಿಡಿತಕ್ಕೆ ಹೆಸರಾದ ಗಣಿ ಅಂತಹ ಕೆಲಸಕ್ಕೆ ಯೋಗ್ಯವಲ್ಲ. ಅಲ್ಲದೆ ಆ ಗಣಿ ಇರುವುದು ಪಾಲಾರ್ ನದಿಯ ಕಡೆ, ನಿಮ್ಮ ನೀರು ಹರಿಯುವುದು ಚಿತ್ರಾವತಿ ನದಿಗೆ.

ಹಾಗಾದರೆ ಯುರೇನಿಯಂ ಬಂದದ್ದೆಲ್ಲಿಂದ? ನಿಮ್ಮ ಕಾಲ ಕೆಳಗಿನ ಬಂಡೆಯಿಂದ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ನೆಲ ಇನ್ನೂರೈವತ್ತು ಕೋಟಿ ವರ್ಷ ಮತ್ತು ಅದಕ್ಕೂ ಹಳೆಯ ಗ್ರಾನೈಟು, ನೈಸ್ ಶಿಲೆಗಳದ್ದು. ಟನ್ ಗ್ರಾನೈಟಿನಲ್ಲಿ ನಾಲ್ಕೈದು ಗ್ರಾಂ ಯುರೇನಿಯಂ ಇರುವುದು ಲೋಕದಲ್ಲೆಲ್ಲ ಸಾಮಾನ್ಯ. ಬಂಡೆಯೊಳಗೆ ಬೀಗ ಹಾಕಿದಂತೆ ಇದ್ದಷ್ಟು ಕಾಲ ಅದು ಯಾರ ತಂಟೆಗೂ ಬರಲಿಲ್ಲ. ನಮ್ಮ ಅಜ್ಜಂದಿರು ಕುಡಿದದ್ದು ಕೆರೆಯ ಪಕ್ಕದ ತೆರೆದ ಬಾವಿಯ ನೀರು, ಅಂದರೆ ಕಳೆದ ವರ್ಷವೋ ಅದರ ಹಿಂದಿನ ವರ್ಷವೋ ಬಿದ್ದ ಮಳೆ. ನಾವು ಕುಡಿಯುತ್ತಿರುವುದು ಸಾವಿರ ಅಡಿ ಕೆಳಗೆ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತು, ಬಂಡೆಯನ್ನೇ ಕರಗಿಸಿಕೊಂಡ ನೀರು. ನೀರಿನ ಮಟ್ಟ ಕುಸಿದಂತೆಲ್ಲ ಬಿರುಕುಗಳಿಗೆ ಗಾಳಿಯ ಆಮ್ಲಜನಕ ಹೊಕ್ಕು ಯುರೇನಿಯಂ ಕರಗುವ ರೂಪಕ್ಕೆ ತಿರುಗುತ್ತದೆ. ನಮ್ಮ ಗಡಸು ನೀರಿನ ಬೈಕಾರ್ಬೊನೇಟು ಅದನ್ನು ಹಿಡಿದುಕೊಂಡು ಮೇಲಕ್ಕೆ ತರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೇರಿ ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಲೀಟರಿಗೆ 30 ಮೈಕ್ರೊಗ್ರಾಂಗಿಂತ ಹೆಚ್ಚು, 48ರಲ್ಲಿ 60ಕ್ಕಿಂತ ಹೆಚ್ಚು ಯುರೇನಿಯಂ ಕಂಡಿತು. ಇದನ್ನು ಇಲ್ಲಿಗೆ ಯಾರೂ ತಂದು ಸುರಿಯಲಿಲ್ಲ. ಕೊಳವೆಬಾವಿಯಿಂದ ನಾವೇ ಮೇಲೆತ್ತಿದೆವು.

ಈಗ ನಿಮ್ಮ 120ರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳಿರುವ ಮಿತಿ 30 ಮೈಕ್ರೊಗ್ರಾಂ, ನಮ್ಮ ಭಾರತೀಯ ಮಾನಕವೂ ಈಗ ಅದನ್ನೇ ಒಪ್ಪಿದೆ. ಅಣುಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ದೃಷ್ಟಿಯಿಂದ ಹೇಳಿದ್ದ ಮಿತಿ 60. ನಿಮ್ಮದು 30ರ ನಾಲ್ಕರಷ್ಟಿದೆ, ಸೋಸದೆ ಕುಡಿಯಬಾರದು. ಆದರೆ ಏಕೆ ಕುಡಿಯಬಾರದು ಎಂಬುದನ್ನು ತಿಳಿಯಬೇಕು. ಒಂದು ಮಿಲಿಗ್ರಾಂ, ಅಂದರೆ ಸಾವಿರ ಮೈಕ್ರೊಗ್ರಾಂ ಯುರೇನಿಯಂನಲ್ಲಿ ಸೆಕೆಂಡಿಗೆ ಸುಮಾರು 25 ಪರಮಾಣುಗಳು ಸಿಡಿಯುತ್ತವೆ, ಅಂದರೆ 25 ಬೆಕೆರೆಲ್. ನಿಮ್ಮ ಒಂದು ಲೀಟರ್ ನೀರಿನಲ್ಲಿ ಅದು 3 ಬೆಕೆರೆಲ್. ನಿಮ್ಮ ಹಸು ಕೊಡುವ ಒಂದು ಲೀಟರ್ ಹಾಲಿನಲ್ಲಿ, ಜಗತ್ತಿನ ಯಾವುದೇ ಹಾಲಿನಲ್ಲಿ ಇರುವಂತೆ, ಪೊಟ್ಯಾಸಿಯಂನ ಸಹಜ ವಿಕಿರಣವೇ 40 ಬೆಕೆರೆಲ್ ಇರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ, ಯುರೇನಿಯಂ ಹೊಮ್ಮಿಸುವ ಆಲ್ಫಾ ಕಣ ದೇಹದೊಳಗೆ ಹೆಚ್ಚು ಪೆಟ್ಟು ಕೊಡುತ್ತದೆ. ಆ ಪೆಟ್ಟನ್ನೂ ಲೆಕ್ಕಕ್ಕೆ ಹಿಡಿದು, ದಿನಕ್ಕೆ ಎರಡು ಲೀಟರಿನಂತೆ ವರ್ಷವಿಡೀ ಈ ನೀರು ಕುಡಿದರೆ ದೇಹಕ್ಕೆ ಬೀಳುವುದು ಸುಮಾರು 0.1 ಮಿಲಿಸೀವರ್ಟ್ (ಮನುಷ್ಯನ ದೇಹಕ್ಕೆ ತಗಲುವ ವಿಕಿರಣದ ಅಳತೆ). ಮಣ್ಣು, ಗಾಳಿ, ಆಕಾಶ, ಅನ್ನ ಎಲ್ಲ ಸೇರಿ ನಿಸರ್ಗದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಯುರೇನಿಯಂ ಎಂಬ ಹೆಸರು ಕೇಳಿ ಹಿರೋಶಿಮಾ ನೆನಪಾಗುವುದು ಸಹಜ. ಆದರೆ ನಿಮ್ಮ ನೀರಿನಲ್ಲಿ ಅದು ಸೀಸದಂತೆ, ಪಾದರಸದಂತೆ, ಭಾರಲೋಹದ ವಿಷ. ಅದರ ಮೊದಲ ಗುರಿ ಮೂತ್ರಪಿಂಡ. 30ರ ಮಿತಿಯನ್ನು ಇಟ್ಟಿರುವುದೂ ಆ ಕಾರಣಕ್ಕೇ.

ಇಲ್ಲಿಂದ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ.

ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಬಹುಕಾಲ ಒಂದು ನಂಬಿಕೆಯ ಮೇಲೆ ನಡೆಯಿತು: ಮನುಷ್ಯನನ್ನು ಕಾಪಾಡಿದರೆ ಸಾಕು, ಉಳಿದ ಜೀವಜಾತಿಗಳು ತಾವಾಗಿ ಉಳಿಯುತ್ತವೆ. ಪರಿಸರಕ್ಕೆ ಬೇರೆ ಅಳತೆಗೋಲು ಬೇಕಿಲ್ಲ ಎಂಬ ಈ ಮಾತು 1977ರ ಶಿಫಾರಸುಗಳಲ್ಲಿತ್ತು, 1990ರಲ್ಲೂ ಮುಂದುವರಿಯಿತು. ಕೇಳಲು ಸರಿಯೆನಿಸುತ್ತದೆ, ಏಕೆಂದರೆ ಸಸ್ತನಿಗಳಿಗೆ ಹೋಲಿಸಿದರೆ ಕೀಟಗಳು ನೂರಾರುಪಟ್ಟು ವಿಕಿರಣ ತಾಳಬಲ್ಲವು. ಆದರೆ ಮನುಷ್ಯ ಇರುವ ಜಾಗವೇ ಬೇರೆ, ಜೀವಿಗಳು ಇರುವ ಜಾಗವೇ ಬೇರೆ ಆಗಿಬಿಟ್ಟರೆ? 1986ರಲ್ಲಿ ಚೆರ್ನೋಬಿಲ್ ಸಿಡಿದಾಗ ಜನರನ್ನು ಬಸ್ಸುಗಳಲ್ಲಿ ಸಾಗಿಸಿದರು. ಸ್ಥಾವರದ ಪಕ್ಕದ ಪೈನ್ ಮರಗಳಿಗೆ ಕಾಲಿರಲಿಲ್ಲ. ಕೆಲವೇ ವಾರಗಳಲ್ಲಿ ಚದರ ಕಿಲೋಮೀಟರುಗಟ್ಟಲೆ ಕಾಡು ಕೆಂಪಾಗಿ ಸತ್ತಿತು. 2003ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಇದೇ ವಿಷಯಕ್ಕೆಂದು ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. 2007ರಲ್ಲಿ ಆಯೋಗ ತನ್ನ ಶಿಫಾರಸುಗಳಲ್ಲಿ ಪರಿಸರಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟಿತು, ಮರುವರ್ಷ ಹನ್ನೆರಡು ಮಾದರಿ ಜೀವಿಗಳನ್ನು ಆರಿಸಿತು: ಜಿಂಕೆ, ಇಲಿ, ಬಾತುಕೋಳಿ, ಕಪ್ಪೆ, ಟ್ರೌಟ್ ಮೀನು, ಚಪ್ಪಟೆ ಮೀನು, ಜೇನುನೊಣ, ಏಡಿ, ಎರೆಹುಳು, ಪೈನ್ ಮರ, ಕಾಡುಹುಲ್ಲು, ಕಂದು ಕಡಲಪಾಚಿ. ನಮ್ಮ ಹೊಂಗೆ, ಹುಣಸೆ, ಕಾಟ್ಲಾ, ರೇಷ್ಮೆ ಹುಳು ಆ ಪಟ್ಟಿಯಲ್ಲಿಲ್ಲ. ಬಯಲುಸೀಮೆಯ ಜೀವಿಗಳನ್ನು ಆಯ್ದು ನಮ್ಮದೇ ಪಟ್ಟಿ ಮಾಡುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳಿಗೆ ಬಾಕಿಯಿದೆ. ಯಾವ ಜೀವಿಗೆ ದಿನಕ್ಕೆ ಎಷ್ಟು ವಿಕಿರಣ ಬಿದ್ದರೆ ಎಚ್ಚರ ವಹಿಸಬೇಕು ಎಂಬ ಶ್ರೇಣಿಯನ್ನೂ ಆಯೋಗ ಹೇಳಿದೆ. ಜಿಂಕೆ, ಇಲಿ, ಪೈನ್ ಮರಗಳಿಗೆ 0.1ರಿಂದ 1 ಮಿಲಿಗ್ರೇ (ಜೀವಿಯ ದೇಹ ಹೀರಿದ ವಿಕಿರಣದ ಅಳತೆ). ಕಪ್ಪೆ, ಮೀನು, ಹುಲ್ಲಿಗೆ 1ರಿಂದ 10. ಜೇನು, ಎರೆಹುಳುಗಳಿಗೆ 10ರಿಂದ 100.

‘ಮನುಷ್ಯರಿಗೆ ಘಟಕವಿದೆ, ತೊಂದರೆಯಿಲ್ಲ’ ಎಂದು ನಿಮಗೆ ಹೇಳಿದವರು ಜಗತ್ತು ಬಿಟ್ಟುಕೊಟ್ಟ ಆ ಹಳೆಯ ನಂಬಿಕೆಯನ್ನೇ ಹೇಳುತ್ತಿದ್ದಾರೆ. ಅದು ಏಕೆ ತಪ್ಪು ಎಂಬುದಕ್ಕೆ ನಿಮ್ಮ ಊರಿನ ಘಟಕಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನೀರನ್ನು ಒತ್ತಡದಿಂದ ತೆಳುಪೊರೆಯ ಮೂಲಕ ಸೋಸುವ ಆರ್‌ಒ ಘಟಕ ಯುರೇನಿಯಂ ಅನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ. ನೂರು ಲೀಟರ್ ಕೊಳವೆಬಾವಿ ನೀರು ಒಳಗೆ ಹೋದರೆ ನಲವತ್ತು ಲೀಟರ್ ಶುದ್ಧ ನೀರು ನಾಣ್ಯ ಹಾಕಿದ ನಲ್ಲಿಗೆ ಬರುತ್ತದೆ, ಅರವತ್ತು ಲೀಟರ್ ಹಿಂದಿನ ಕೊಳವೆಯಿಂದ ಹೊರಗೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ನೂರು ಲೀಟರಿನ ಯುರೇನಿಯಂ ಬಹುಪಾಲು ಆ ಅರವತ್ತರಲ್ಲಿ ಸೇರುತ್ತದೆ. ನಿಮ್ಮ 120 ಅಲ್ಲಿ ಸುಮಾರು 200 ಆಗುತ್ತದೆ. ಫ್ಲೋರೈಡು, ನೈಟ್ರೇಟು, ಉಪ್ಪು ಕೂಡ ಹಾಗೆಯೇ ಗಟ್ಟಿಯಾಗುತ್ತವೆ. ದಿನಕ್ಕೆ ನಾಲ್ಕು ಸಾವಿರ ಲೀಟರ್ ಶುದ್ಧ ನೀರು ಕೊಡುವ ಘಟಕ ಆರು ಸಾವಿರ ಲೀಟರ್ ಚೆಲ್ಲುತ್ತದೆ. ಅದರಲ್ಲಿ ದಿನಕ್ಕೆ 1.2 ಗ್ರಾಂನಂತೆ ವರ್ಷಕ್ಕೆ ನಾನೂರು ಗ್ರಾಂ ದಾಟಿದ ಯುರೇನಿಯಂ. ಆ ನೀರು ನಿಲ್ಲುವ ನೂರು ಚದರ ಮೀಟರಿನ ತಗ್ಗಿನಲ್ಲಿ, ಅರ್ಧ ಅಡಿ ಆಳದ ಮಣ್ಣಿನಲ್ಲಿ ನಿಸರ್ಗ ಇಟ್ಟಿರುವುದು ಹೆಚ್ಚೆಂದರೆ ಅರವತ್ತು ಎಪ್ಪತ್ತು ಗ್ರಾಂ. ಚೆಲ್ಲಿದ್ದೆಲ್ಲ ಅಲ್ಲೇ ನಿಂತರೆ, ಯುಗಯುಗಗಳಿಂದ ಇದ್ದದ್ದರ ಆರು ಏಳು ಪಟ್ಟನ್ನು ನಾವು ಒಂದು ವರ್ಷದಲ್ಲಿ ಸೇರಿಸುತ್ತೇವೆ. ಗುಡಿಬಂಡೆ ಕಡೆಯ ಒಂದು ಹಳ್ಳಿಯಲ್ಲಿ ಘಟಕದ ಹಿಂಬದಿಗೆ ಹೋಗಿ ನಿಂತಿದ್ದೆ. ಮುಂದೆ ಕೊಡಗಳ ಸಾಲು, ಹಿಂದೆ ಆ ಕೊಳವೆಯ ಕೆಳಗಿನ ಹಸಿರು ಗುಂಡಿಯಲ್ಲಿ ಗೊದಮೊಟ್ಟೆಗಳು ತೇಲುತ್ತಿದ್ದವು. ಬೇಸಿಗೆಯಲ್ಲಿ ಸುತ್ತಮುತ್ತ ಎಲ್ಲೂ ನೀರಿಲ್ಲದ್ದರಿಂದ ಕಪ್ಪೆಗಳು ಮೊಟ್ಟೆಯಿಡಲು ಅಲ್ಲಿಗೇ ಬಂದಿದ್ದವು. ಆ ದೃಶ್ಯ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಿಮ್ಮ ಕುಂಟೆಯ ಕಪ್ಪೆಗೆ ವಿಕಿರಣದ ಲೆಕ್ಕ ಹಾಕಿದೆ. ಕುಂಟೆಯಲ್ಲಿರುವುದೆಲ್ಲ ಘಟಕ ಚೆಲ್ಲುವ ನೀರೇ ಎಂದು, ಕಪ್ಪೆಯ ದೇಹದಲ್ಲಿ ನೀರಿಗಿಂತ ನೂರುಪಟ್ಟು ಯುರೇನಿಯಂ ಕೂಡಿಕೊಂಡಿದೆ ಎಂದು, ಆಲ್ಫಾ ಕಣಕ್ಕೆ ಹತ್ತುಪಟ್ಟು ತೂಕವೆಂದು ಹಿಡಿದರೂ ದಿನಕ್ಕೆ ಸುಮಾರು 0.3 ಮಿಲಿಗ್ರೇ ಆಗುತ್ತದೆ. ಎಚ್ಚರಿಕೆಯ ಶ್ರೇಣಿ ಶುರುವಾಗುವುದೇ 1ರಿಂದ. ಆದ್ದರಿಂದ ವಿಕಿರಣದಿಂದಲೇ ಕಪ್ಪೆಗಳು ಸತ್ತವು ಎಂದು ನಾನು ಹೇಳಲಾರೆ. ಆದರೆ ವಿಷದ ಲೆಕ್ಕ ಬೇರೆ. ನೀರಿನ ಜೀವಿಗಳನ್ನು ಕಾಪಾಡಲು ಯುರೇನಿಯಂಗೆ ಪ್ರತ್ಯೇಕ ಮಿತಿ ಇಟ್ಟಿರುವ ದೇಶ ಕೆನಡಾ. ಅಲ್ಲಿ ದೀರ್ಘಕಾಲದ ಮಿತಿ ಲೀಟರಿಗೆ 15 ಮೈಕ್ರೊಗ್ರಾಂ, ಮನುಷ್ಯರ ಕುಡಿಯುವ ನೀರಿಗೆ ನಾವು ಇಟ್ಟಿರುವುದರ ಅರ್ಧ! ಮನುಷ್ಯನಿಗೆ ಸಾಕಾದದ್ದು ಎಲ್ಲಕ್ಕೂ ಸಾಕು ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ನಮ್ಮ ನೀರಿನ ಗಡಸುತನ ವಿಷದ ತೀವ್ರತೆಯನ್ನು ಸ್ವಲ್ಪ ತಗ್ಗಿಸುತ್ತದೆ, ನಿಜ. ಆದರೂ 15ಕ್ಕೂ 200ಕ್ಕೂ ನಡುವಿನ ಅಂತರ ದೊಡ್ಡದು.

ಹೊಲದ ವಿಷಯದಲ್ಲಿ ನಿಮಗೆ ಸಮಾಧಾನದ ಮಾತು ಹೆಚ್ಚಿದೆ. ಹನಿ ನೀರಾವರಿಯಲ್ಲಿ ಎಕರೆಗೆ ವರ್ಷಕ್ಕೆ ಇಪ್ಪತ್ತು ಲಕ್ಷ ಲೀಟರ್ ಹರಿದರೆ 240 ಗ್ರಾಂ ಯುರೇನಿಯಂ ಸೇರುತ್ತದೆ. ಅರ್ಧ ಅಡಿ ಮೇಲ್ಮಣ್ಣಿನಲ್ಲಿ ಈಗಾಗಲೇ ಎರಡೂವರೆ ಕಿಲೋ ಇರುತ್ತದೆ. ಅಂದರೆ ವರ್ಷಕ್ಕೆ ಹತ್ತನೆಯ ಒಂದು ಪಾಲು, ಹತ್ತು ವರ್ಷಕ್ಕೆ ದುಪ್ಪಟ್ಟು. ಇದು ನಾಳೆಯೇ ಬರುವ ಕೇಡಲ್ಲ, ಆದರೆ ನಿಮ್ಮ ಮೊಮ್ಮಕ್ಕಳೂ ಅದೇ ಮಣ್ಣು ಉಳುವವರು. ಗಿಡಗಳು ಯುರೇನಿಯಂ ಅನ್ನು ಬೇರಿನಲ್ಲೇ ತಡೆಯುತ್ತವೆ, ಟೊಮೆಟೊ ಹಣ್ಣಿಗೂ ಹಿಪ್ಪುನೇರಳೆ ಸೊಪ್ಪಿಗೂ ಏರುವುದು ತೀರಾ ಅಲ್ಪ. ಮೂಲಂಗಿ, ಗಜ್ಜರಿಗಳನ್ನು ಮಾತ್ರ ಮಣ್ಣು ಹೋಗುವಂತೆ ತೊಳೆದು ಸಿಪ್ಪೆ ತೆಗೆದು ಬಳಸಿ. ಕೊಟ್ಟಿಗೆ ಗೊಬ್ಬರ ಹಾಕಿದಷ್ಟೂ ಒಳ್ಳೆಯದು, ಅದು ಲೋಹವನ್ನು ಕಟ್ಟಿಹಾಕುತ್ತದೆ. ಶಿಲಾರಂಜಕದಿಂದ ತಯಾರಾದ ರಸಗೊಬ್ಬರಗಳಲ್ಲಿಯೂ ಯುರೇನಿಯಂ ಇರುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಮಣ್ಣು ಪರೀಕ್ಷೆ ಹೇಳಿದಷ್ಟೇ ಹಾಕಿ. ರೇಷ್ಮೆ ಹುಳುವಿನ ಬಗ್ಗೆ ಚಿಂತೆ ಬೇಡ. ಜ್ವರಕ್ಕೆ (ಪೊರೆ ಬಿಡುವ ನಿದ್ದೆಗೆ) ಕೂತ ಹುಳು ಏಳದಿದ್ದರೆ, ಗೂಡು ತೆಳುವಾದರೆ ಕಾರಣವನ್ನು ರೋಗದಲ್ಲಿ, ಸೊಪ್ಪಿನಲ್ಲಿ, ಮನೆಯ ಸೆಕೆಯಲ್ಲಿ ಹುಡುಕಿ. ಎರೆಹುಳುವಿಗೂ ಹೊಲದಲ್ಲಿ ವಿಕಿರಣದ ಭಯವಿಲ್ಲ, ಕೊಳವೆ ಬೀಳುವ ಗುಂಡಿಯ ಮಣ್ಣಿನ ಮೇಲೆ ಮಾತ್ರ ಕಣ್ಣಿಡಬೇಕು.

ಹಸುಗಳ ವಿಷಯದಲ್ಲಿ ಒಂದು ತಪ್ಪನ್ನು ಎಲ್ಲೆಡೆ ನೋಡಿದ್ದೇನೆ. ವ್ಯರ್ಥವಾಗಬಾರದೆಂದು ಘಟಕದ ಹಿಂದಿನ ನೀರನ್ನು ದನಗಳ ತೊಟ್ಟಿಗೆ ತಿರುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಾನುವಾರುಗಳ ನೀರಿಗೆ ಕೆನಡಾ ಇಟ್ಟಿರುವ ಮಿತಿ 200. ನಿಮ್ಮ ಕೊಳವೆಬಾವಿಯ ನೀರು ಅದರೊಳಗಿದೆ, ಘಟಕ ಚೆಲ್ಲುವ ನೀರು ಆ ಅಂಚಿಗೆ ಬಂದು ನಿಂತಿದೆ. ಯುರೇನಿಯಂಗಿಂತ ಬೇಗ ಕಾಡುವುದು ಅದರೊಳಗೆ ಗಟ್ಟಿಯಾದ ಫ್ಲೋರೈಡು. ಹಸುವಿನ ಹಲ್ಲು ಸವೆದು, ಮೂಳೆ ಊದಿ, ಎದ್ದು ನಿಲ್ಲಲು ಕಷ್ಟಪಡುವಂತಾಗುತ್ತದೆ. ಹಾಲಿನ ಬಗ್ಗೆ ಹೆದರಬೇಡಿ. ಹಸು ದಿನಕ್ಕೆ ನುಂಗುವ ಯುರೇನಿಯಂನಲ್ಲಿ ಒಂದು ಲೀಟರ್ ಹಾಲಿಗೆ ಬರುವುದು ಸಾವಿರದಲ್ಲಿ ಕೆಲವೇ ಪಾಲು.

ಏನು ಮಾಡಬೇಕು? ಮೊದಲು ಆ ಹಿಂದಿನ ಕೊಳವೆಯ ದಿಕ್ಕು ಬದಲಿಸಿ. ಕುಂಟೆಗೆ, ಕೆರೆಯ ಕಾಲುವೆಗೆ, ತೆರೆದ ಬಾವಿಗೆ ಬೇಡ. ಕೆಲವು ಕಡೆ ಇಂಗುಗುಂಡಿಗೆ ಬಿಟ್ಟು ಅಂತರ್ಜಲ ಮರುಪೂರಣ ಎನ್ನುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟದ್ದು, ಬೇರ್ಪಡಿಸಿದ ವಿಷವನ್ನು ಮತ್ತೆ ನಾವೇ ಕುಡಿಯುವ ಬಾವಿಗೆ ಕಳಿಸಿದಂತೆ. ತಳಕ್ಕೂ ಪಕ್ಕಕ್ಕೂ ದಪ್ಪ ಹಾಳೆ ಹಾಸಿದ, ಸುತ್ತ ಬಲೆ ಕಟ್ಟಿದ ಆವಿ ತೊಟ್ಟಿ ಬೇಕು. ನೀರು ಬಿಸಿಲಿಗೆ ಆರುತ್ತದೆ, ಉಳಿದ ಕೆಸರನ್ನು ಅಪಾಯಕಾರಿ ತ್ಯಾಜ್ಯದಂತೆ ಸಾಗಿಸಬೇಕು. ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಿದರೆ ಕೊನೆಗೆ ಅದೂ ಮಣ್ಣಿಗೇ ಸೇರುತ್ತದೆ, ಆದರೂ ಒಂದೇ ಗುಂಡಿಯಲ್ಲಿ ಕೂಡಿಬೀಳುವುದು ತಪ್ಪುತ್ತದೆ. ಘಟಕದ ಟೆಂಡರಿನಲ್ಲಿ ಶುದ್ಧ ನೀರಿನ ಗುಣಮಟ್ಟದ ಷರತ್ತು ಇರುವಂತೆ ಚೆಲ್ಲುವ ನೀರಿನ ಷರತ್ತೂ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರವಣಿಗೆಯಲ್ಲಿ ಕೇಳಿ.

ಎರಡನೆಯದು, ಘಟಕದ ಮೇಲಿನ ಭಾರವನ್ನೇ ಇಳಿಸುವುದು. ಮಳೆನೀರಿನಲ್ಲಿ ಯುರೇನಿಯಂ ಇಲ್ಲ. ಅರವತ್ತು ಚದರ ಮೀಟರಿನ ಚಾವಣಿಯ ಮೇಲೆ 650 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲಿ ಒಂದು ಪಾಲು ಪೋಲಾದರೂ ಮೂವತ್ತು ಸಾವಿರ ಲೀಟರ್ ಸಿಗುತ್ತದೆ. ಐದು ಜನರ ಕುಡಿಯುವ, ಅಡುಗೆಯ ನೀರಿಗೆ ವರ್ಷಕ್ಕೆ ಹತ್ತು ಸಾವಿರ ಲೀಟರ್ ಸಾಕು. ಕಾಯಿಸಿದರೆ ಯುರೇನಿಯಂ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಇದನ್ನು ಮನೆಯ ಹೆಂಗಸರಿಗೆ, ಅಂಗನವಾಡಿಗೆ ತಿಳಿಸಿ.

ಮೂರನೆಯದು ಕೆರೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೂ ಬಳಿಕ ಚಿಕ್ಕಬಳ್ಳಾಪುರದ ಕೆರೆಗಳಿಗೂ ಹರಿಯುತ್ತಿದೆ. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಸ ನೀರು ಇಳಿದರೆ ಹಳೆಯ ನೀರು ತೆಳುವಾಗುತ್ತದೆ, ಅಷ್ಟು ಆಳಕ್ಕೆ ಕೊರೆಯುವ ಅಗತ್ಯವೂ ತಪ್ಪುತ್ತದೆ. ಆದರೆ ಚರಂಡಿ ನೀರಿನಲ್ಲಿ ನೈಟ್ರೇಟು ಉಳಿದಿದ್ದರೆ ಅದು ಬಂಡೆಯ ಯುರೇನಿಯಂ ಅನ್ನು ಕರಗಿಸಬಲ್ಲದು. ಆದ್ದರಿಂದ ಮೂರನೆಯ ಹಂತದ ಶುದ್ಧೀಕರಣ ಬೇಕೇ ಬೇಕು, ಕೆರೆಯ ಸುತ್ತಲಿನ ಕೊಳವೆಬಾವಿಗಳಲ್ಲಿ ಯುರೇನಿಯಂ ಮತ್ತು ನೈಟ್ರೇಟನ್ನು ಒಟ್ಟಿಗೇ ಅಳೆಯಬೇಕು.

ಕೊನೆಗೆ ಕಪ್ಪೆಗಳು. ಸದ್ದು ಕಡಿಮೆಯಾದದ್ದಕ್ಕೆ ನನ್ನ ಮೊದಲ ಅನುಮಾನ ಟೊಮೆಟೊ ಹೊಲದ ಔಷಧಿಯ ಮೇಲೆ, ಎರಡನೆಯದು ಘಟಕ ಚೆಲ್ಲುವ ನೀರಿನ ಉಪ್ಪಿನ ಮೇಲೆ, ಮೂರನೆಯದು ಯುರೇನಿಯಂ ವಿಷದ ಮೇಲೆ. ವಿಕಿರಣ ಎಲ್ಲಕ್ಕಿಂತ ಹಿಂದೆ. ಅನುಮಾನವನ್ನು ಅಳೆದೇ ತೀರಿಸಬೇಕು. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಕುಂಟೆಯ ನೀರನ್ನು ಪರೀಕ್ಷೆಗೆ ಕೊಡಿ. ಪ್ರಯೋಗಾಲಯದ ಸಾಮಾನ್ಯ ನಮೂನೆಯಲ್ಲಿ ಯುರೇನಿಯಂನ ಅಂಕಣ ಇಲ್ಲದಿದ್ದರೆ ಬರೆದು ಕೇಳಿ, ಜೊತೆಗೆ ಲವಣಾಂಶ, ಅಮೋನಿಯಾ, ಕೀಟನಾಶಕವನ್ನೂ ಸೇರಿಸಿ. ಮುಂಗಾರಿನ ಮೊದಲ ಜೋರು ಮಳೆಯ ರಾತ್ರಿ ಮಕ್ಕಳನ್ನು ಕರೆದುಕೊಂಡು ಹೋಗಿ, ಕುಂಟೆಯ ದಡದಲ್ಲಿ ಹತ್ತು ನಿಮಿಷ ಕೂತು, ಎಷ್ಟು ಬಗೆಯ ಕಪ್ಪೆಗಳ ಕೂಗು ಕೇಳಿತು ಎಂದು ಪುಸ್ತಕದಲ್ಲಿ ಬರೆದಿಡಿ. ನೀರಿನ ಪರೀಕ್ಷೆಗೆ ಸೀಸೆ ಎರಡು ಬೇಕು: ಒಂದನ್ನು ಕೊಳವೆಯ ನೀರು ಬೀಳುವ ಜಾಗದಲ್ಲಿ, ಇನ್ನೊಂದನ್ನು ಎದುರು ದಡದಲ್ಲಿ ತುಂಬಿ, ಮೇಲೆ ಜಾಗ ಮತ್ತು ದಿನಾಂಕ ಬರೆಯಿರಿ. ವರದಿ ಬಂದ ಮೇಲೆ ಎರಡೂ ಅಂಕಿಗಳನ್ನು ನನಗೆ ಕಳುಹಿಸಿ, ಕಪ್ಪೆಗಳ ಪುಸ್ತಕದ ಪುಟವನ್ನೂ.